ಮಧುಕರನ ಮುಂಗುಸಿ ಬ್ರಷ್

ನಮ್ಮ ಎದುರು ಮನೆಯ ಮಧುಕರ ನಾಯ್ಕ ಕಲಾವಿದ ಎಂಬ ವಿಷಯದಲ್ಲಿ ಕಾರವಾರದ ನಂದನಗದ್ದೆಯ ನಮ್ಮ ಕೇರಿಯಲ್ಲಿ ಎರಡು ಮಾತಿರಲಿಲ್ಲ. ಅವನು ಅಲ್ಲಿಯವರೆಗೆ ಒಂದು ಚಿತ್ರವನ್ನೂ ಬರೆದಿರಲಿಲ್ಲ, ಅದು ನಿಜ. ಆದರೆ ಅಷ್ಟು ಸಣ್ಣ ವಿಷಯವನ್ನು ಎತ್ತಿ ಆಡುವ ಜನ ನಾವಲ್ಲ.

ಕಲೆ ಅವನಿಗೆ ಅಂಟಿದ್ದು ಕಡಲ ದಂಡೆಯ ಒಂದು ಉತ್ಸವದಲ್ಲಿ. ಉತ್ತರದ ಕಡೆಯ ಕಲಾವಿದನೊಬ್ಬ ಮಳಿಗೆಯಲ್ಲಿ ಕೂತು, ಬೆಂಕಿಪೆಟ್ಟಿಗೆಯಷ್ಟು ಕಾಗದದ ಮೇಲೆ ಆನೆ, ಆನೆಯ ಮೇಲೆ ಅಂಬಾರಿ, ಅಂಬಾರಿಯೊಳಗೆ ರಾಜ, ರಾಜನ ಮೀಸೆ ಎಲ್ಲವನ್ನೂ ಬರೆಯುತ್ತಿದ್ದ. ಮಧುಕರ ಗೋಬಿ ಮಂಚೂರಿ ತಿನ್ನುವುದನ್ನು ನಿಲ್ಲಿಸಿ, ತನಗೆ ಬರುವ ಹಿಂದಿಯಲ್ಲಿ, ಇಷ್ಟು ಸಣ್ಣದಾಗಿ ಬರೆಯುವುದು ಹೇಗೆ ಎಂದು ಕೇಳಿದ. ಆ ಮನುಷ್ಯ ತಲೆ ಎತ್ತದೆ, "ಎಲ್ಲ ಬ್ರಷ್ಷಿನಲ್ಲಿದೆ" ಎಂದ. ಪೀಡೆ ತೊಲಗಲಿ ಎಂದು ಹೇಳಿದ್ದಿರಬೇಕು. ಮಧುಕರ ಅದನ್ನು ಉಪದೇಶವೆಂದು ತಿಳಿದು ಮನೆಗೆ ಬಂದ. ಮರುದಿನವೇ ತಾನು ಗುಮಾಸ್ತನಾಗಿರುವ ಸರಕಾರಿ ಕಚೇರಿಯಲ್ಲಿ, ಆಮೇಲೆ ಮೀನು ಮಾರ್ಕೆಟ್ಟಿನಲ್ಲಿ, ಕೊನೆಗೆ ನನ್ನ ಜಗಲಿಯ ಮೇಲೆ, "ಮಾಸ್ತರ್ರೇ, ನಾನು ಇನ್ನು ಮಿನಿಯೇಚರ್ ಕಲಾವಿದ. ಒಂದು ಒಳ್ಳೆ ಬ್ರಷ್ ಸಿಕ್ಕೂದೇ ತಡ" ಎಂದು ಸಾರಿದ.

ಒಳ್ಳೆಯ ಬ್ರಷ್ ಎಂದರೆ ಯಾವುದು ಎನ್ನುವುದನ್ನು ಅವನು ಎಲ್ಲೋ ಓದಿಕೊಂಡಿದ್ದ. ಒದ್ದೆ ಮಾಡಿದ ಕೂಡಲೇ ಅದರ ಕೂದಲೆಲ್ಲ ಒಂದಾಗಿ ಸೂಜಿಯ ಮೊನೆಯಂತೆ ನಿಲ್ಲಬೇಕು. ಬಾಗಿಸಿ ಬಿಟ್ಟರೆ ಪಟ್ಟನೆ ನೆಟ್ಟಗಾಗಬೇಕು. ಹೊಟ್ಟೆಯಲ್ಲಿ ಬಣ್ಣ ಹಿಡಿಯಬೇಕು, ತುದಿಯಲ್ಲಿ ಬೇಕಾದಷ್ಟೇ ಬಿಡಬೇಕು. ಇದೆಲ್ಲ ಸರಿಯೇ. ಆದರೆ ಅಂಗಡಿಯಲ್ಲಿ ಬ್ರಷ್ ಒದ್ದೆ ಮಾಡುವುದಕ್ಕೆ ನೀರೆಲ್ಲಿರುತ್ತದೆ? ಮಧುಕರ ನಾಲಿಗೆಯನ್ನು ಉಪಯೋಗಿಸಿದ.

ಮಾರ್ಕೆಟ್ಟಿನ ಹತ್ತಿರ ಮಂಗೇಶನ ಸ್ಟೇಶನರಿ ಅಂಗಡಿ ಇದೆ. ಮಧುಕರ ಅಲ್ಲಿ ಒಂದು ಡಬ್ಬಿ ಬ್ರಷ್ಷನ್ನು ಮುಂದಿಟ್ಟುಕೊಂಡು ಒಂದೊಂದಾಗಿ ನೆಕ್ಕಿ, ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸಿ, ವಾಪಸ್ ಡಬ್ಬಿಗೆ ಹಾಕುತ್ತಿದ್ದ. ಮಂಗೇಶ ಸ್ವಲ್ಪ ಹೊತ್ತು ನೋಡಿದ.

"ಮಧುಕರಣ್ಣ, ನೀವು ಬ್ರಷ್ ತಕಂತ್ರೋ, ಊಟ ಮಾಡ್ತ್ರೋ?"

"ತುದಿ ನೋಡ್ತೆ ಮಾರಾಯಾ. ಇದೆಂತ ಬ್ರಷ್ಷು? ನಿನ್ನ ಗಡ್ಡದಂಗೆ ಎಲ್ಲಾ ಬದಿಗೂ ಹೋಗ್ತದೆ."

"ನನ್ನ ಗಡ್ಡ ನೀವು ನೆಕ್ಕೂದು ಬೇಡ. ಶಾಲೆ ಮಕ್ಕಳು ಬಂದು ಇದನ್ನೇ ತಕಂಡು ಹೋಗ್ತಾವೆ. ನಾಳೆ ಅವೂ ಬಾಯಿಗೆ ಹಾಕ್ತಾವೆ. ಯಾರಿಗಾದ್ರೂ ಜ್ವರ ಬಂದ್ರೆ ಯಾರನ್ನ ಹುಡುಕೂದು?"

"ಕಲೆಗೆ ಸಾಮಾನು ಚಲೋ ಬೇಕು ಮಂಗೇಶ."

"ನನ್ನ ಅಂಗಡಿಗೆ ಗಿರಾಕಿ ಚಲೋ ಬೇಕು."

ಮರುದಿನ ಅಂಗಡಿಯಲ್ಲಿ, "ಸಾಲ ಕೇಳಬೇಡಿ" ಎಂಬ ಫಲಕದ ಪಕ್ಕದಲ್ಲಿ "ಬ್ರಷ್ ನೆಕ್ಕಬಾರದು" ಎಂಬ ಫಲಕ ಬಂತು. ಹಳ್ಳಿಯಿಂದ ಬಂದವರು ಅದನ್ನು ಓದಿ, ಕಾರವಾರದ ಜನಕ್ಕೆ ಹೀಗೂ ಒಂದು ಚಟವಿದೆಯೇ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಕಾರವಾರದ ಬಾಗಿಲು ಮುಚ್ಚಿದ ಮೇಲೆ ಮಧುಕರ ಬಸ್ಸು ಹತ್ತಿ ಅಂಕೋಲೆಗೆ ಹೋದ. ಬಸ್ಸು ಚೆಂಡಿಯಾ ದಾಟುವುದರೊಳಗೆ ಮಂಗೇಶನ ಫೋನು ಅಂಕೋಲೆ ಮುಟ್ಟಿತ್ತು. ಅಲ್ಲಿನ ಅಂಗಡಿಯವನು ಮಂಗೇಶನ ಭಾವ. ಮಧುಕರ ಮೆಟ್ಟಿಲು ಹತ್ತುತ್ತಿದ್ದಂತೆ ಒಂದು ಲೋಟ ನೀರು ಎದುರಿಗಿಟ್ಟು, "ಬನ್ನಿ ಬನ್ನಿ, ನಾಲಿಗೆ ಒಳಗೇ ಇರಲಿ" ಎಂದು ಸ್ವಾಗತಿಸಿದ. ನೀರಿನಲ್ಲಿ ಅದ್ದಿದರೂ ಒಂದು ಬ್ರಷ್ಷೂ ಪಾಸಾಗಲಿಲ್ಲ. ಅಂಕೋಲೆಯ ಬ್ರಷ್ಷುಗಳಿಗೆ ಬೆನ್ನೆಲುಬಿಲ್ಲ ಎಂದು ತೀರ್ಪು ಕೊಟ್ಟು, ಮಧುಕರ ಒಂದು ಚೀಲ ತೊಂಡೆಕಾಯಿ ಕೊಂಡು ವಾಪಸ್ ಬಂದ.

"ಬ್ರಷ್ಷೇ ಬೇಕು ಅಂದ್ರೆ ಕಂಪೌಂಡಿಗೆ ಸುಣ್ಣ ಬಳೀರಿ" ಎಂದಳು ಹೆಂಡತಿ ಜಯಂತಿ.

"ಅದಕ್ಕೆ ಬೇರೆ ನಂಬರಿನ ಬ್ರಷ್ ಬೇಕು" ಎಂದ ಮಧುಕರ. ಅದೂ ಅವನ ಹತ್ತಿರ ಇರಲಿಲ್ಲ.

ಇಂಥ ಬರಗಾಲದಲ್ಲಿ ದೇವರು ಸಿಂಗ್ ಎಂಬ ಸೈನಿಕನ ರೂಪದಲ್ಲಿ ಬಂದ. ನೌಕಾನೆಲೆ ಬಂದ ಮೇಲೆ ನಮ್ಮ ಊರಿನ ಬಾಡಿಗೆ ಮನೆಗಳಲ್ಲೆಲ್ಲ ಉತ್ತರದವರು ತುಂಬಿದ್ದರು. ಪಕ್ಕದ ಮನೆಯಲ್ಲಿದ್ದ ಈ ಸಿಂಗ್ ಉದಯಪುರದ ಕಡೆಯವನು. ಜಯಂತಿ ಮಾಡುವ ಬಂಗಡೆ ಸಾರಿಗೆ ಮನಸೋತು ದಿನವೂ ಒಂದಲ್ಲ ಒಂದು ನೆಪದಲ್ಲಿ ಊಟದ ಹೊತ್ತಿಗೆ ಹಾಜರಾಗುತ್ತಿದ್ದ. ವರ್ಗವಾಗಿ ಹೊರಟ ದಿನ ಅವನು ಮಧುಕರನ ಕೈಯಲ್ಲಿ ಒಂದು ಬ್ರಷ್ ಇಟ್ಟ. ತನ್ನ ಮಾವ ಊರಿನಲ್ಲಿ ಇದರಿಂದಲೇ ಚಿತ್ರ ಬರೆಯುವುದು, ಇದು ಅಪ್ಪಟ ಮುಂಗುಸಿ ಬಾಲದ ಕೂದಲು, ಇದಕ್ಕಿಂತ ಮೇಲಿನ ಬ್ರಷ್ ಲೋಕದಲ್ಲಿಲ್ಲ ಎಂದು ಹೇಳಿ, ರೈಲು ಹತ್ತಿ ಹೋಗಿಬಿಟ್ಟ.

ಮಧುಕರ ನೆಕ್ಕಿ ನೋಡಿದ. ತುದಿ ಸೂಜಿಯಾಯಿತು. ಬಾಗಿಸಿ ಬಿಟ್ಟ. ಪಟ್ಟನೆ ನಿಂತಿತು. ಅವನ ಕಣ್ಣಲ್ಲಿ ನೀರು ಬಂತು.

"ಮಾಸ್ತರ್ರೇ! ಜಯಂತೀ! ಯಾರಿದ್ರಿ ಅಲ್ಲಿ? ಮುಂಗುಸಿ! ಮುಂಗುಸಿ ಬಂತು ಮನಿಗೆ!"

ಆ ಕೂಗಿಗೆ ಮೊದಲು ಓಡಿ ಬಂದವಳು ನಮ್ಮ ಕೇರಿಯ ದೇವಿಯಕ್ಕ. ಚೆಂಡಿಯಾದಲ್ಲಿ ಅವಳ ಗದ್ದೆ ನೌಕಾನೆಲೆಗೆ ಹೋಗಿ, ಪರಿಹಾರ ಸಾಲದೆಂದು ಹಾಕಿದ ಕೇಸು ಕೋರ್ಟಿನಲ್ಲಿ ನಡೆಯುತ್ತಿತ್ತು. ಅಂದು ಅದರ ತಾರೀಖು. ಮನೆಯಿಂದ ಹೊರಟಾಗ ಮುಂಗುಸಿ ಕಂಡರೆ ಹೋದ ಕೆಲಸ ಆಗುತ್ತದೆ ಎನ್ನುವುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಕಾರವಾರದಲ್ಲಿ ಮನೆ ಮೇಲೆ ಮನೆ ಎದ್ದು, ಮುಂಗುಸಿ ಕಾಣುವುದು ಎಲ್ಲಿ?

"ಎಲ್ಲಿ ಮುಂಗುಸಿ?" ಎಂದಳು ದೇವಿಯಕ್ಕ, ಚಪ್ಪಲಿ ಕಳಚಿ.

"ಇದೇ. ಬ್ರಷ್ಷು."

"ಮುಂಗುಸಿ ಎಲ್ಲಿ?"

"ಅದರ ಬಾಲದ ಕೂದಲು."

ದೇವಿಯಕ್ಕ ಯೋಚಿಸಿದಳು. "ಎದುರಿಗೆ ಬಂದ್ರೂ ಅದು ಓಡಿ ಹೋಗುವಾಗ ನಮಗೆ ಕಾಣೂದು ಬಾಲವೇ ಅಲ್ಲಾ? ಸಾಕು" ಎಂದು ಬ್ರಷ್ಷನ್ನು ಕಣ್ಣಿಗೆ ಒತ್ತಿಕೊಂಡು ಕೋರ್ಟಿಗೆ ಹೋದಳು.

ಆ ದಿನ ಕೋರ್ಟಿನಲ್ಲಿ ಪವಾಡ ನಡೆಯಿತು. ಅವಳ ವಕೀಲರು ಬಂದರು. ಬಂದದ್ದಲ್ಲದೆ ಎದ್ದು ನಿಂತು ಮಾತನ್ನೂ ಆಡಿದರು. ದೇವಿಯಕ್ಕ ಸಂಜೆ ಪೇಡೆ ಹಂಚಿದಳು.

ಆಮೇಲೆ ಕೇರಿಯ ಕೊನೆಯ ಮನೆಯ ಸಂಕೇತ ಬಂದ. ಡ್ರೈವಿಂಗ್ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸು ಎಂದರೆ, ಪ್ರತಿ ಸಲವೂ ಮೈದಾನದ ಮೂಲೆಯ ತೆಂಗಿನ ಮರಕ್ಕೇ ಹೋಗಿ ಗುದ್ದುತ್ತಿದ್ದ ಹುಡುಗ. ಬ್ರಷ್ ನೋಡಿಕೊಂಡು ಹೋದವನು ಎಂಟನ್ನು ಸರಿಯಾಗಿ ಬರೆದು ಲೈಸೆನ್ಸ್ ತಂದ. ತೆಂಗಿನ ಮರವನ್ನು ಹಿಂದಿನ ವಾರ ಕಡಿದಿದ್ದರು ಎಂದು ನಾನು ಹೇಳಿದೆ. ಯಾರೂ ಕೇಳಲಿಲ್ಲ.

ಅಲ್ಲಿಂದ ಬೆಳಗಾದರೆ ಮಧುಕರನ ಗೇಟಿನ ಮುಂದೆ ಜನ. ಇಂಟರ್‌ವ್ಯೂಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಬ್ಲಡ್ ಟೆಸ್ಟಿಗೆ ಹೋಗುವವರು. ಮಧುಕರ ಬನಿಯನ್, ಲುಂಗಿಯಲ್ಲಿ, ಅರೆನಿದ್ದೆಯಲ್ಲಿ, ಬ್ರಷ್ ಎತ್ತಿ ಹಿಡಿದು ನಿಂತಿರುತ್ತಿದ್ದ. ಜಯಂತಿ ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಸುಸ್ತಾದಳು. ನಾನು ಮಾತ್ರ ಇಂಥದ್ದನ್ನೆಲ್ಲ ನಂಬುವವನಲ್ಲ. ಪೆನ್ಶನ್ನಿನ ಕೆಲಸಕ್ಕೆ ಹೋಗುವ ದಿನ ಅವರ ಗೇಟಿನವರೆಗೆ ಹೋಗಿ ತಿರುಗುತ್ತಿದ್ದೆ, ಅಷ್ಟೇ. ಬೆಳಗಿನ ವಾಕಿಂಗ್ ಆರೋಗ್ಯಕ್ಕೆ ಒಳ್ಳೆಯದು.

ನೋಡುವುದರಲ್ಲೇ ನಿಂತಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತೆಂಗಿನಕಾಯಿ ಕೊಯ್ಯುವ ಬೀರು ಬಂದು, "ಒಡೆಯಾ, ನಮ್ಮನಿ ಕಟ್ಟಿಗೆ ರಾಶಿಯಾಗೆ ನಾಗರ ಹಾವು ಸೇರ್ಕಂಡದೆ. ಒಂದೇ ಒಂದು ಕೂದ್ಲು ಕೊಡಿ, ಬಾಗ್ಲಿಗೆ ಕಟ್ತೆ" ಎಂದ.

"ಹುಚ್ಚೋ ನಿಂಗೆ? ಇದು ಕಲೆಯ ಸಾಮಾನು!" ಎಂದು ಮಧುಕರ ಗುಡುಗಿದ.

ಜಯಂತಿ ಒಳಗಿಂದ ಚಿಮಟ ತಂದು, ಒಂದು ಕೂದಲು ಕಿತ್ತು, ಬೀರುವಿನ ಕೈಯಲ್ಲಿಟ್ಟು, "ಹೋಗು, ಮಕ್ಕಳು ಮರಿ ಇದ್ದ ಮನೆ" ಎಂದಳು.

ಮಧುಕರ ಸಂಕಟದಿಂದ ಬ್ರಷ್ಷನ್ನು ನೆಕ್ಕಿ ನೋಡಿದ. ಅವನ ಮುಖ ಅರಳಿತು. ತುದಿ ಇನ್ನೂ ಸಣ್ಣದಾಗಿತ್ತು! ಬ್ರಷ್ ಸಣ್ಣದಾದಷ್ಟೂ ಮಿನಿಯೇಚರಿಗೆ ಶ್ರೇಷ್ಠ ಎಂದು ಅವನು ಓದಿದ್ದ. ಅಂದರೆ ಕೂದಲು ಹೋದಷ್ಟೂ ಬ್ರಷ್ಷಿನ ದರ್ಜೆ ಏರುತ್ತದೆ! ಈ ಸತ್ಯ ಹೊಳೆದ ಮೇಲೆ ಅವನು ದಾನಶೂರನಾದ. ಕೇಳಿದವರಿಗೆಲ್ಲ ಕೊಟ್ಟ. ಅವನ ಮನೆಯ ಮಾಳಿಗೆಯಲ್ಲೇ ಬಾಡಿಗೆಗೆ ಇದ್ದ ಶರಾವತಿ, ಮಗಳು ಚೈತ್ರಾಳ ಸಿಇಟಿ ಇದೆಯೆಂದು ಕೆಳಗಿಳಿದು ಬಂದಳು. ಅವಳಿಗೂ ಕೊಟ್ಟ. "ಆರನೇ ನಂಬರಿನ ಬ್ರಷ್ಷು ಈಗ ಎರಡಕ್ಕೆ ಬಂತು ಮಾಸ್ತರ್ರೇ" ಎಂದು ನನಗೆ ವರದಿ ಒಪ್ಪಿಸುತ್ತಿದ್ದ. "ಸೊನ್ನೆಗೆ ಬಂತು. ಎರಡು ಸೊನ್ನೆ. ಇನ್ನೊಂದು ನಾಲ್ಕು ಜನ ಬಂದ್ರೆ ಮೂರು ಸೊನ್ನೆ. ಅದೇ ಕೊನೆ ಮೆಟ್ಟಿಲು. ಅಂದೇ ಚಿತ್ರ ಶುರು."

ಶರಾವತಿಯ ಗಂಡ ಹೇರಂಬ ಹೆಗಡೆಯವರು ಅರಣ್ಯ ಇಲಾಖೆಯ ಅಧಿಕಾರಿ. ಶಿರಸಿ ಕಡೆಯವರು, ಸಾಧು ಮನುಷ್ಯ. ವಾರವಿಡೀ ಕದ್ರಾ ಕಡೆಯ ಕಾಡಿನಲ್ಲಿದ್ದು ರವಿವಾರ ಮಾತ್ರ ಮನೆಗೆ ಬರುತ್ತಿದ್ದರು. ಅವರು ಬರುವ ಹೊತ್ತಿಗೆ ಗೇಟಿನ ಮುಂದಿನ ಜನ ಕರಗಿರುತ್ತಿತ್ತು. ತಾನು ಮಲಗುವ ಕೋಣೆಯ ಕೆಳಗೇ ಒಂದು ವನ್ಯಜೀವಿಯ ಬಾಲ ಹಂಚಿಹೋಗುತ್ತಿದೆ ಎಂದು ಆ ಮನುಷ್ಯನಿಗೆ ಗೊತ್ತಾಗುವುದಾದರೂ ಹೇಗೆ?

ಪೇಪರಿನಿಂದ ಗೊತ್ತಾಯಿತು.

ವಿಕಾಸ ಎಂಬ ತರುಣ ವರದಿಗಾರ ಕೆಮರಾ ಹಿಡಿದು ಬಂದು, "ಸರ್, ನಿಮ್ಮ ಚಿತ್ರಗಳನ್ನ ತೋರಿಸಿ" ಎಂದ.

"ಬರೆಯೂಕೆ ಅದೆ" ಎಂದ ಮಧುಕರ.

"ಒಂದೂ ಇಲ್ವಾ?"

"ಮನಸ್ಸಲ್ಲಿ ಸುಮಾರು ಅದೆ."

ವಿಕಾಸ ತಲೆ ಕೆರೆದುಕೊಂಡು ಬ್ರಷ್ಷಿನ ಫೋಟೋವನ್ನೇ ಹೊಡೆದ. ಮರುದಿನ ಮೂರನೇ ಪುಟದಲ್ಲಿ, "ಅಪ್ಪಟ ಮುಂಗುಸಿ ಕೂದಲಿನ ಅಪರೂಪದ ಕುಂಚ" ಎಂಬ ಶೀರ್ಷಿಕೆಯ ಕೆಳಗೆ ಮಧುಕರ ನಗುತ್ತಿದ್ದ. ಕಚೇರಿಯಲ್ಲಿ ಅವನಿಗೆ ಶಾಲು ಹೊದಿಸಿದರು. ಸಾಹೇಬರು ಒಳಗೆ ಕರೆದು ಮುಚ್ಚಿದ ಬಾಗಿಲ ಹಿಂದೆ, ಊರಿನ ಕಡೆ ವರ್ಗಕ್ಕೆ ಅರ್ಜಿ ಹಾಕಿದ್ದೇನೆ, ಒಂದು ಕೂದಲು ಸಿಕ್ಕೀತೇ ಎಂದು ಕೇಳಿದರು. ಮಧುಕರ ಕೊಟ್ಟ. ಬ್ರಷ್ಷಿನಲ್ಲಿ ಇನ್ನು ಒಂದೇ ಕೂದಲು ಉಳಿಯಿತು. ಚಿತ್ರಕಲೆಯ ಇತಿಹಾಸದಲ್ಲಿ ಇದಕ್ಕಿಂತ ಸಣ್ಣ ಬ್ರಷ್ ಆಗಿರಲಿಕ್ಕಿಲ್ಲ. ರವಿವಾರ ಚಿತ್ರಕ್ಕೆ ಮುಹೂರ್ತ ಎಂದು ಮಧುಕರ ಘೋಷಿಸಿದ.

ರವಿವಾರ ಬೆಳಿಗ್ಗೆ ಅವನು ಜಗಲಿಯಲ್ಲಿ ಚಾಪೆ ಹಾಸಿ, ಕಾಗದ ಕತ್ತರಿಸಿ, ಬಣ್ಣ ಕಲಸಿ ಕೂತಿದ್ದ. ಕೇರಿಯ ಜನ ನೋಡಲು ಅಂಗಳದಲ್ಲಿ ಸೇರಿದ್ದೆವು. ಆಗ ಗೇಟು ತೆರೆದು ಹೇರಂಬ ಹೆಗಡೆಯವರು ಬಂದರು. ರವಿವಾರವಾದರೂ ಮೈಮೇಲೆ ಯುನಿಫಾರ್ಮ್. ಹಿಂದೆ ಕದ್ವಾಡದ ಗಾರ್ಡ್ ತಿಮ್ಮು.

"ಸಾಹೇಬ್ರೂ ನೋಡೂಕೆ ಬಂದ್ರು! ಕುರ್ಚಿ ತಾ ಜಯಂತೀ" ಎಂದ ಮಧುಕರ.

ಹೆಗಡೆಯವರು ಕೂರಲಿಲ್ಲ. ಜೇಬಿನಿಂದ ಮಡಿಸಿದ ಪೇಪರು ತೆಗೆದರು. "ನಾಯ್ಕರೇ, ನಾನು ನಿಮ್ಮ ಮಾಳಿಗೆಯಲ್ಲೇ ಇರೋದು. ನಿಮ್ಮನೆ ಮೀನಿನ ಒಗ್ಗರಣೆ ವಾಸನೆಗೂ ಒಂದು ದಿನ ಮುಖ ಕಿವುಚಿದವನಲ್ಲ. ಆದರೆ ಇದು ಪೇಪರಿನಲ್ಲಿ ಬಂದು, ನಮ್ಮ ಮೇಲಿನವರು ನೋಡಿ, ಕ್ರಮ ತಗೊಳ್ಳಿ ಅಂತ ನನಗೇ ಹೇಳಿದ್ದಾರೆ. ಮುಂಗುಸಿ ಕೂದಲಿನ ಬ್ರಷ್ ಇಟ್ಟುಕೊಳ್ಳೋದು ಅಪರಾಧ. ಕೇಸಾದರೆ ನೀವು ಸಸ್ಪೆಂಡ್. ನಿಮ್ಮ ನೌಕರಿ ಉಳಿಯೋದು ಕಷ್ಟ."

ಮಧುಕರ ಬ್ರಷ್ಷನ್ನು ಬೆನ್ನ ಹಿಂದೆ ಇಟ್ಟುಕೊಂಡ. ಬಾಗಿಲ ಹಿಂದೆ ಜಯಂತಿಯ ಕೈಯಿಂದ ಲೋಟ ಬಿತ್ತು.

"ಅಪರಾಧವೋ? ಬ್ರಷ್ಷೂ?" ಎಂದ ಮಧುಕರ.

"ಮುಂಗುಸಿಯದಾದರೆ."

ಜೀವಮಾನದಲ್ಲಿ ಒಮ್ಮೆಯಾದರೂ ಮಧುಕರನ ತಲೆ ಬೇಗ ಓಡಿತು. "ಅಯ್ಯಯ್ಯೋ, ಇದು ಮುಂಗುಸಿ ಅಲ್ಲ ಸಾಹೇಬ್ರೇ! ಆಡಿನ ಕೂದಲು! ಪೇಪರಿನವರು ತಲೆಬುಡ ಇಲ್ದೆ ಬರೆದಿದ್ದು!"

ಹೆಗಡೆಯವರ ಮುಖದಲ್ಲೂ ಒಂದು ಬಿಡುಗಡೆ ಕಂಡಿತು. ಆಡಿನದು ಎಂದು ಬರೆದುಕೊಂಡು ಹೋಗಿಬಿಡುವ ಮನಸ್ಸು ಅವರದು. ಪೆನ್ನನ್ನೂ ತೆಗೆದಿದ್ದರು. ಅಷ್ಟರಲ್ಲಿ ನಮ್ಮ ಕೇರಿ ಮಧುಕರನ ಸಹಾಯಕ್ಕೆ ಬಂತು.

"ಆಡೋ? ಯಾರು ಹೇಳಿದ್ದು ಆಡು ಅಂತ?" ಎಂದು ದೇವಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಸಾಹೇಬ್ರೇ, ನೀವು ದೊಡ್ಡ ಆಫೀಸರ ಅಂತ ಹೆದರ್ಕಂಡು ಹೇಳ್ತಾ ಇದ್ದಾನೆ ಅಂವ. ಪಾಪದ ಮನಶ. ಆಡಿನ ಕೂದ್ಲು ನೋ‌ಡಿದ್ರೆ ನಮ್ಮ ವಕೀಲ ಕೋರ್ಟಿಗೆ ಬತ್ತಿದ್ನೋ? ಇದು ಅಪ್ಪಟ ಮುಂಗುಸಿ!"

"ದೇವಿಯಕ್ಕಾ..." ಎಂದ ಮಧುಕರ.

"ನೀ ಸುಮ್ನಿರು. ನಿನ್ನ ಮರ್ಯಾದೆ ನಾವು ಕಾಯ್ತೇವು."

"ನಾ ದೇವರಾಣೆ ಮಾಡಿ ಹೇಳ್ತೆ" ಎಂದು ಬೀರು ಮುಂದೆ ಬಂದ. "ಕೂದ್ಲು ಕಟ್ಟಿದ ರಾತ್ರಿಗೇ ಹಾವು ನಮ್ಮನಿ ಬಿಟ್ಟು ಪಕ್ಕದ ಮನಿಗೆ ಹೋಯ್ತು. ಆಡಿಗೆ ಹಾವು ಹೆದರ್ತದ್ಯೇ? ನಮ್ಮನಿ ಆಡು ಸತ್ತದ್ದೇ ಹಾವು ಕಚ್ಚಿ!"

"ಸರ್, ನಾನು ಬೇಕಾದ್ರೆ ಬರೆದು ಸಹಿ ಹಾಕ್ತೇನೆ" ಎಂದ ಸಂಕೇತ. "ಮುಂಗುಸಿಯೇ."

ಮಧುಕರ ಕಣ್ಣು ಹೊಡೆದ. ಕೈ ಅಲ್ಲಾಡಿಸಿದ. ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದ. ಜನ ಅದನ್ನು ವಿನಯ ಎಂದು ತಿಳಿದು ಇನ್ನೂ ಜೋರಾಗಿ ಕೂಗಿದರು. ಅವನು ಹತಾಶನಾಗಿ ನನ್ನ ಕಡೆ ತಿರುಗಿ, "ಮಾಸ್ತರ್ರೇ, ನೀವು ಓದಿದವರು, ನೀವಾದ್ರೂ ಹೇಳಿ" ಎಂದ. ನಾನು ಹೇಳುತ್ತಿದ್ದೆ. ಆದರೆ ಓದಿದವರು ಎಂದ ಕೂಡಲೇ ಸ್ವಲ್ಪ ಪೀಠಿಕೆ ಹಾಕಬೇಕಾಗುತ್ತದೆ. ನನ್ನ ಪೀಠಿಕೆ ಮುಗಿಯುವ ಮೊದಲೇ ಹೆಗಡೆಯವರು ಪೆನ್ನಿನ ಟೊಪ್ಪಿಗೆ ಮುಚ್ಚಿದ್ದರು.

"ಇಷ್ಟು ಜನ ಸಾಕ್ಷಿ ಹೇಳಿದ ಮೇಲೆ ನಾನು ಕಿವುಡ ಅನ್ನೋ ಹಾಗಿಲ್ಲ" ಎಂದರು. "ತಿಮ್ಮು, ಎಲ್ಲರ ಹೆಸರು ಬರಕೋ. ಕೂದಲು ಕೊಟ್ಟವರು ಮಾತ್ರ ಅಲ್ಲ, ತಗೊಂಡು ಇಟ್ಟುಕೊಂಡವರೂ ಅಪರಾಧಿಗಳೇ. ಎಲ್ಲಾ ಕೂದಲೂ ತಂದು ಒಪ್ಪಿಸಿ."

ಮುಂದೆ ನಿಂತಿದ್ದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ನಂದು ಗಾಳಿಗೆ ಹಾರೋಯ್ತು" ಎಂದ ಬೀರು.

"ನಂದು ವಕೀಲರ ಹತ್ರ ಅದೆ" ಎಂದಳು ದೇವಿಯಕ್ಕ.

"ನಾನು ಬರೇ ನೋಡಿದ್ದು. ಅದೂ ದೂರದಿಂದ" ಎಂದ ಸಂಕೇತ, ಪರ್ಸಿನ ಮೇಲೆ ಕೈ ಇಟ್ಟುಕೊಂಡು.

ಹೆಗಡೆಯವರು ಒಂದು ಭೂತಗನ್ನಡಿ ತೆಗೆದು, ಮಧುಕರನ ಕೈಯ ಬ್ರಷ್ಷಿನಲ್ಲಿ ಉಳಿದಿದ್ದ ಒಂಟಿ ಕೂದಲನ್ನು ಬಿಸಿಲಿಗೆ ಹಿಡಿದು ನೋಡಿದರು. ನಾವೆಲ್ಲ ಅವರ ಮುಖವನ್ನು ನೋಡಿದೆವು. ಮುಖ ಗಂಭೀರವಾಯಿತು.

"ಕಪ್ಪು, ಬಿಳಿ ಪಟ್ಟೆ ಪಟ್ಟೆ ಇದೆಯಲ್ಲ ನಾಯ್ಕರೇ. ಇದು ಅದೇ."

ಮಧುಕರ ಚಾಪೆಯ ಮೇಲೆ, ಬಣ್ಣದ ಬಟ್ಟಲಿನ ಮೇಲೆಯೇ ಕುಸಿದು ಕೂತ. ಜಯಂತಿ ಹೊರಗೆ ಬಂದಳು. ದಿನವೂ ಗಂಡನನ್ನು ಬೈಯುವ ಹೆಂಗಸು, ಈಗ ಗಳಗಳ ಅಳುತ್ತಿದ್ದಳು. "ಸಾಹೇಬ್ರೇ, ನಿಮ್ಮ ಬಾಡಿಗೆ ಬಿಟ್ರೆ ಇವರ ನೌಕರಿ ಒಂದೇ ನಮಗೆ ಇರೂದು. ಗದ್ದೆ ಇಲ್ಲ, ತೋಟ ಇಲ್ಲ. ಈ ಮನಶಗೆ ಬ್ರಷ್ ಹಿಡಿಯೂಕೂ ಬರೂದಿಲ್ಲ, ಚಿತ್ರ ಅಂದ್ರೆ ಎಂತ ಅಂತಲೂ ಗೊತ್ತಿಲ್ಲ. ಬರೇ ದೊಡ್ಡಸ್ತಿಕೆ. ದೊಡ್ಡಸ್ತಿಕೆಗೆ ಯಾರಾದ್ರೂ ನೌಕರಿ ಕಳೀತ್ರೋ?" ಅವಳು ಅಳುವುದನ್ನು ನೋಡಲಾರದೆ ನಾವೆಲ್ಲ ನೆಲ ನೋಡಿದೆವು. ಹೆಗಡೆಯವರೂ ಬೇರೆ ಕಡೆ ನೋಡಿದರು. ಆದರೆ ಮೇಲಿನವರ ಹೆದರಿಕೆ ಅವರಿಗೂ ಇತ್ತು.

"ಹಂಗಾರೆ ಮನಿ ಮನಿ ಹುಡುಕೂದೇ ಸೈ" ಎಂದ ತಿಮ್ಮು. ಕೆಲಸದಲ್ಲಿ ಬಹಳ ಕ್ರಮದ ಮನುಷ್ಯ. "ಎಲ್ಲಿಂದ ಶುರು ಮಾಡ್ಲಿ ಸಾಹೇಬ್ರೇ? ಮಾಳಿಗೆಯಿಂದ ಕೆಳಗೆ ಬರ್ಲೋ?"

ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಶರಾವತಿ ನಿಂತಿದ್ದಳು. ಗಂಡನನ್ನು ದೋಸೆಗೆ ಕರೆಯಲು ಬಂದವಳು, ಕೈಯಲ್ಲಿ ಸಟ್ಟುಗವಿತ್ತು.

"ನೋಡಿ, ಒಂಚೂರು ಇಲ್ಲಿ ಬನ್ನಿ" ಎಂದಳು.

"ಆಮೇಲೆ ಬತ್ತೆ. ನಾ ಡ್ಯೂಟಿಲಿದ್ದಿ" ಎಂದರು ಹೆಗಡೆಯವರು, ತಮ್ಮ ಮನೆಮಾತಿನಲ್ಲಿ.

"ಚೈತ್ರನ ಕಂಪಾಸು ಪೆಟ್ಟಿಗೆಲಿ ಒಂದು ಕೂದಲಿದ್ದು."

ಹೆಗಡೆಯವರು ಭೂತಗನ್ನಡಿ ಕೆಳಗಿಳಿಸಿದರು. "ಎಂತಾ?"

"ಸಿಇಟಿಲಿ ಅಷ್ಟು ಚಲೋ ರ‍್ಯಾಂಕ್ ಹ್ಯಾಂಗೆ ಬಂತು ಅಂದ್ಕಂಡಿದ್ರಿ?"

"ಅದನ್ನ ಈಗಲೇ ತಂದುಕೊಡು."

"ಅದನ್ನ ಕೊಡ್ಲಕ್ಕು" ಎಂದಳು ಶರಾವತಿ, ದನಿ ತಗ್ಗಿಸಿ. ಆದರೆ ತಗ್ಗಿಸಿದ ದನಿ ಕೇಳುವುದರಲ್ಲಿ ನಮ್ಮ ಕೇರಿಯವರದು ಎತ್ತಿದ ಕೈ. "ಇನ್ನೊಂದು ಕೊಡೂಲೆ ಹೊಲಿಗೆ ಬಿಚ್ಚವು. ನಿಮ್ಮ ಪ್ರಮೋಶನ್ ಬೇಗ ಆಗ್ಲಿ ಹೇಳಿ ಯುನಿಫಾರ್ಮಿನ ಎಡಗಡೆ ಕಿಸೆ ಒಳಗೆ ನಾನೇ ಹೊಲಿದಿದ್ದಿ. ನೀವು ಈಗ ಹಾಕ್ಯಂಡಿದ್ದು ಅದೇ ಅಂಗಿ."

ಹೆಗಡೆಯವರ ಕೈ ತನ್ನಿಂದ ತಾನೇ ಎದೆಯ ಮೇಲಿನ ಕಿಸೆಗೆ ಹೋಯಿತು. ಅಲ್ಲೇ ನಿಂತಿತು. ಅಂಗಳದಲ್ಲಿದ್ದ ಅಷ್ಟೂ ಜನ ಆ ಕಿಸೆಯನ್ನು ನೋಡಿದೆವು. ತಿಮ್ಮು ಒಬ್ಬ ಮಾತ್ರ ಆಕಾಶ ನೋಡುತ್ತಿದ್ದ.

ಹೆಗಡೆಯವರು ಕೆಮ್ಮಿದರು. ಭೂತಗನ್ನಡಿಯನ್ನು ಕರವಸ್ತ್ರದಿಂದ ಒರೆಸಿದರು. "ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದು, ನೆರಳಿಗೆ ಸರಿದು, ಇನ್ನೊಮ್ಮೆ ನೋಡಿದರು.

"ಆಡು" ಎಂದರು.

"ಆಡೇ!" ಎಂದಳು ದೇವಿಯಕ್ಕ. "ನಾ ಆಗ್ಲೇ ಹೇಳ್ದೆ."

"ಆಡು ಅಲ್ದೆ ಮತ್ತೆಂತದು? ನಮ್ಮನಿದು ಸತ್ತ ಆಡಿತ್ತಲ್ಲ, ಥೇಟ್ ಅದೇ ಕೂದ್ಲು" ಎಂದ ಬೀರು.

"ದೂರದಿಂದ ನೋಡಿದ್ರೂ ಗೊತ್ತಾಗ್ತದೆ, ಆಡು" ಎಂದ ಸಂಕೇತ. ನಾನೂ ಪೀಠಿಕೆಯಿಲ್ಲದೆ ಆಡು ಎಂದೆ.

"ಬರಕೋ ತಿಮ್ಮು. ಪರಿಶೀಲಿಸಲಾಗಿ ಆಡಿನ ಕೂದಲು ಎಂದು ಕಂಡುಬಂದಿದೆ. ಸಾಧಾರಣ ದರ್ಜೆಯ ಬ್ರಷ್. ಪೇಪರಿನ ಸುದ್ದಿಯಲ್ಲಿ ಹುರುಳಿಲ್ಲ."

ಜಯಂತಿ ಕೈ ಮುಗಿದಳು. ಜನ ಉಸಿರು ಬಿಟ್ಟರು. ಎಲ್ಲ ಸುಖವಾಗಿ ಮುಗಿದಿತ್ತು. ಅಷ್ಟರಲ್ಲಿ ಚಾಪೆಯ ಮೇಲಿಂದ ಒಂದು ದನಿ ಬಂತು.

"ಸಾಧಾರಣ ದರ್ಜೆಯೋ?"

ಮಧುಕರ ಎದ್ದು ನಿಂತಿದ್ದ. ಹಿಂದೆ ಲುಂಗಿಗೆಲ್ಲ ನೀಲಿ ಬಣ್ಣ ಅಂಟಿತ್ತು. ಮುಖ ಮಾತ್ರ ಕೆಂಪಾಗಿತ್ತು.

"ಸಾಹೇಬ್ರೇ, ಒಂದು ನಿಮಿಷ. ನೀವು ಏನು ಬೇಕಾದ್ರೂ ಅನ್ನಿ, ಇದನ್ನ ಸಾಧಾರಣ ಅನ್ನಬೇಡಿ. ಕಾರವಾರ, ಅಂಕೋಲೆ ಎರಡೂ ಊರಿನ ಬ್ರಷ್ ನೋಡಿದವ ನಾನು. ಆಡಿನ ಕೂದಲಿಗೆ ಈ ತುದಿ ಬರೂದಿಲ್ಲ. ಬಾಗಿಸಿದ್ರೆ ಹಿಂಗೆ ನಿಲ್ಲೂದಿಲ್ಲ. ಮತ್ತೆ ನೀವೇ ಪಟ್ಟೆ ನೋಡಿದ್ರಿ. ಆಡಿನ ಕೂದಲಲ್ಲಿ ಪಟ್ಟೆ ಎಲ್ಲಿಂದ ಬತ್ತದೆ? ಇದು ಅಪ್ಪಟ..."

"ಅಯ್ಯೋ, ಇವರ ಬಾಯಿಗೆ ಬೆಂಕಿ ಬೀಳ!" ಎಂದಳು ಜಯಂತಿ.

ಹೇರಂಬ ಹೆಗಡೆಯವರು ಕಣ್ಣು ಮುಚ್ಚಿಕೊಂಡರು. ಕೈ ಇನ್ನೂ ಕಿಸೆಯ ಮೇಲೆಯೇ ಇತ್ತು. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ತಿಮ್ಮು, ನಾಯ್ಕರು ಈಗ ಏನೋ ಹೇಳಿದ ಹಾಗಾಯ್ತಲ್ಲ. ನಿಂಗೆ ಏನು ಕೇಳಿಸ್ತು?"

ತಿಮ್ಮು ಮಧುಕರನನ್ನು ನೋಡಿದ, ಅಳುತ್ತಿದ್ದ ಜಯಂತಿಯನ್ನು ನೋಡಿದ, ಸಾಹೇಬರ ಕಿಸೆಯನ್ನು ನೋಡಿದ.

"ಅವರು ಎಂತದೂ ಹೇಳ್ಲಿಲ್ಲ ಸಾಹೇಬ್ರೇ. ಇಲ್ಲೇ ಎಲ್ಲೋ ಒಂದು ಆಡು ಕೂಗ್ತು."

"ಹೌದಾ ನಾಯ್ಕರೇ? ಆಡಾ?"

ಮಧುಕರ ಬಾಯಿ ತೆರೆದ. ಜಯಂತಿ ಅವನ ಕಡೆ ಒಮ್ಮೆ ನೋಡಿದಳು. ಅವನು ಕೈಯಲ್ಲಿದ್ದ ಬ್ರಷ್ಷನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, ಆದರೆ ಗೇಟಿನವರೆಗೂ ಕೇಳುವಂತೆ, "ಬ್ಯಾ" ಎಂದ.